ಹದಿನಾಲ್ಕನೇ ನಂಬರಿಗೆ ಇಪ್ಪತ್ತೈದು ಅಡಿ

ನನ್ನ ಹೆಸರು ಆರಿನ್ ಹಾಗೆನ್. ನಾರ್ತ್ ಡಕೋಟದ ಒಂದು ಸಣ್ಣ ಊರಿನಲ್ಲಿ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದೆ. ನಲವತ್ತು ಅಡಿಯ ಬಸ್ಸು. ಮೊಣಕಾಲುದ್ದ ಹಿಮ ಬಿದ್ದಾಗಲೂ ಒಬ್ಬರ ಮನೆಯ ಅಂಚೆಪೆಟ್ಟಿಗೆಗೂ ತಾಗಿಸಿದವನಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇದಾದ ಮೇಲೆ ನನ್ನನ್ನು ನಾನೇ ಹೊಗಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ.

ಮಾರ್ಲಿಸ್ ನನ್ನ ಹೆಂಡತಿ. ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಎರಡು ವರ್ಷದಿಂದ ಅವಳ ನೋಟದ ನಡುಭಾಗ ಅಳಿಸಿಹೋಗುತ್ತಿದೆ. ಅಂಚಿನಲ್ಲಿದ್ದದ್ದು ಕಾಣುತ್ತದೆ, ನೇರ ಎದುರಿಗಿದ್ದದ್ದು ಕಾಣುವುದಿಲ್ಲ. ನನ್ನ ಮುಖ ನೋಡಬೇಕೆಂದರೆ ನನ್ನ ಕಿವಿಯಾಚೆಗೆ ದೃಷ್ಟಿ ಇಡುತ್ತಾಳೆ. ಓದುವುದಂತೂ ನಿಂತೇಹೋಯಿತು. ಮನೆಗೆ ಬಂದ ಕಾಗದ, ಔಷಧಿ ಡಬ್ಬಿಯ ಮೇಲಿನ ಬರಹ, ಚರ್ಚಿನ ಹಾಡಿನ ಪುಸ್ತಕ, ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. ನಾನು ಓದಿದ್ದೇ ಅವಳಿಗೆ ಬರೆದದ್ದು.

ಅವಳಿಗೆ ಇದ್ದದ್ದು ಒಂದೇ ಆಸೆ. ಅವಳ ಅಪ್ಪ ಪ್ರತಿ ಆಗಸ್ಟ್‌ನಲ್ಲೂ ಮಕ್ಕಳನ್ನೆಲ್ಲ ಮೊಂಟಾನದ ಬೆಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುತ್ತಿದ್ದರಂತೆ. ಕೆರೆಯ ದಡದಲ್ಲಿ ಟೆಂಟು ಹಾಕಿ ಉಳಿಯುವ ಹದಿನಾಲ್ಕನೇ ನಂಬರಿನ ಜಾಗ. ಕಣ್ಣು ಪೂರ್ತಿ ಹೋಗುವುದರೊಳಗೆ ಅಲ್ಲಿ ಮೂರು ದಿನ ಇರಬೇಕು ಎಂದಳು. ನನ್ನ ಬೆನ್ನು ನೆಲದ ಮೇಲೆ ಮಲಗಲು ಒಪ್ಪುವುದಿಲ್ಲ. ಹಾಗಾಗಿ ಒಳಗೇ ಹಾಸಿಗೆ, ಒಲೆ ಇರುವ ಮೋಟರ್‌ಹೋಮ್ ಕೊಳ್ಳೋಣ ಎಂದದ್ದು ನಾನು. ಅವಳು ಪಾರ್ಕಿನವರಿಗೆ ಫೋನ್ ಮಾಡಿ ವಿಚಾರಿಸಿದಳು, ಯಾರೋ ಬಿಟ್ಟುಕೊಟ್ಟ ಮೂರು ರಾತ್ರಿ ಖಾಲಿ ಇದ್ದವು.

ಅಂಗಡಿಗೆ ಹೊರಟಾಗ ಟೀಚರಮ್ಮನ ದನಿಯಲ್ಲೇ ಹೇಳಿದಳು. "ಹದಿನಾಲ್ಕನೇ ನಂಬರಿಗೆ ಇಪ್ಪತ್ತೈದು ಅಡಿ. ಬಂಪರ್ರು, ಹಿಂದಿನ ಏಣಿ, ಸೈಕಲ್ ಸ್ಟಾಂಡು ಎಲ್ಲಾ ಸೇರಿ ಗಾಡಿ ಅಷ್ಟು ಮೀರಬಾರದಂತೆ. ಅದರೊಳಗೆ ನಿಂಗೆ ಯಾವುದು ಇಷ್ಟಾನೋ ತಗೋ, ನಾನು ಬಾಯಿ ಹಾಕಲ್ಲ."

ಅಂಗಡಿಯವನು ಎರಡು ಗಾಡಿ ತೋರಿಸಿದ. ಸಣ್ಣದರಲ್ಲಿ ಹಾಸಿಗೆ ಗೋಡೆಗೆ ಅಂಟಿಕೊಂಡಿತ್ತು, ಒಬ್ಬರು ಏಳಬೇಕಾದರೆ ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕು. ಸ್ನಾನಕ್ಕೆ ನಿಂತರೆ ಮೊಣಕೈ ಗೋಡೆಗೆ ಬಡಿಯುತ್ತದೆ. ದೊಡ್ಡದರಲ್ಲಿ ಗುಂಡಿ ಒತ್ತಿದರೆ ಗೋಡೆಯೇ ಹೊರಕ್ಕೆ ಸರಿದು ಹಜಾರ ಅಗಲವಾಗುತ್ತಿತ್ತು. ಅಲ್ಲೊಂದು ಚರ್ಮದ ಒರಗುಕುರ್ಚಿ. ಕೂತೆ. ಕಾಲು ತಾನಾಗಿ ಮೇಲಕ್ಕೆ ಬಂತು.

ಮಾರ್ಲಿಸ್‌ಳ ತಮ್ಮ ವರ್ಲಿನ್‌ನ ಬಳಿ ಮೂವತ್ತಾರು ಅಡಿಯದು ಇದೆ. ನಾವು ಸಣ್ಣ ಗಾಡಿ ಹುಡುಕುತ್ತಿದ್ದೇವೆ ಎಂದು ತಿಳಿದ ದಿನವೇ ಅವನು ಚರ್ಚಿನ ಕಾಫಿ ಮೇಜಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದಿದ್ದ. "ಏನ್ ಭಾವ, ಬಸ್ಸು ಓಡಿಸ್ತಿದ್ದೋನು ಈಗ ತಳ್ಳುಗಾಡಿ ತಗೋತಿದೀಯಂತೆ? ಬೆಲ್ಲೂ ಕೊಡ್ತಾರಾ ಅದಕ್ಕೆ?" ಎಲ್ಲರೂ ನಕ್ಕಿದ್ದರು. ಅರವತ್ತೆಂಟು ವರ್ಷದ ಮನುಷ್ಯನಿಗೆ ಅದು ಚುಚ್ಚಬಾರದು. ಚುಚ್ಚಿತು.

ಮಾರ್ಲಿಸ್ ದೊಡ್ಡ ಗಾಡಿಯೊಳಗೆ ನಿಂತು, ಒಲೆಯ ಅಂಚನ್ನು ಸವರುತ್ತಾ ಕೇಳಿದಳು. "ಇದರ ಉದ್ದ ಎಷ್ಟು ಅಂತ ಓದು."

ನನ್ನ ಕೈಯಲ್ಲಿ ಎರಡೂ ಗಾಡಿಯ ವಿವರದ ಹಾಳೆಗಳಿದ್ದವು. ಕೂತದ್ದು ದೊಡ್ಡದರ ಕುರ್ಚಿಯಲ್ಲಿ, ಓದಿದ್ದು ಸಣ್ಣದರ ಹಾಳೆಯನ್ನು.

"ಇಪ್ಪತ್ನಾಲ್ಕು ಅಡಿ ಒಂಬತ್ತು ಅಂಗುಲ."

ಅಂಗಡಿಯವನು ನನ್ನ ಮುಖ ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡ. ಅವನಿಗೂ ವ್ಯಾಪಾರ ಬೇಕಿತ್ತು.

ನಿಜವಾದ ಉದ್ದ ಮೂವತ್ತೊಂದೂವರೆ ಅಡಿ. ಪಾರ್ಕಿಗೆ ಹೋಗುವವರೆಲ್ಲ ಅರ್ಧ ಅಡಿ, ಒಂದಡಿ ಕಡಿಮೆ ಹೇಳುವುದು ಇದ್ದದ್ದೇ, ಟೇಪು ಹಿಡಿದು ಅಳೆಯುವಷ್ಟು ಪುರುಸೊತ್ತು ಯಾರಿಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಯ್ದಿರಿಸುವ ಅರ್ಜಿಯಲ್ಲಿ ಇಪ್ಪತ್ತೈದು ಎಂದು ತುಂಬಿದೆ. ಆರೂವರೆ ಅಡಿ ಅಂದರೆ ಒಬ್ಬ ಮನುಷ್ಯ ಕೈಕಾಲು ಚಾಚಿ ಮಲಗುವಷ್ಟು ಜಾಗ. ಅಷ್ಟನ್ನು ನಾನು ನುಂಗಿ ನೀರು ಕುಡಿದಿದ್ದೆ.

ಗಾಡಿ ಮನೆಗೆ ಬಂದ ದಿನ ಮಾರ್ಲಿಸ್ ಅಂಗಳದಲ್ಲಿ ಅದರ ಪಕ್ಕಕ್ಕೇ ನಿಧಾನವಾಗಿ ನಡೆದು ಹೋದದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡೆ. ಹೊಸ ಗಾಡಿಯಲ್ಲವೇ, ಮುಟ್ಟಿ ನೋಡುತ್ತಿದ್ದಾಳೆ ಎಂದುಕೊಂಡೆ. ಅದಾದ ಮೇಲೆ ಅವಳು ನನಗೆ ಏನನ್ನೂ ಓದು ಎನ್ನಲಿಲ್ಲ. ಹಾಡಿನ ಪುಸ್ತಕ ಓದಲು ಪಕ್ಕದ ಮನೆಯ ಆರ್ಡಿಸ್ ಬರತೊಡಗಿದಳು. ಔಷಧಿ ಡಬ್ಬಿಗಳಿಗೆ ಒಂದೊಂದು ಬಗೆಯ ರಬ್ಬರ್ ಬ್ಯಾಂಡು ಬಂತು. ಕಣ್ಣಿನ ಡಾಕ್ಟರ ಕಾಗದ ಬಂತೇ ಎಂದು ಒಮ್ಮೆ ಕೇಳಿದೆ. "ನೋಡೋಣ ಬಿಡು" ಎಂದಳು. ನನಗೆ ಒಂದು ಕೆಲಸ ಕಡಿಮೆಯಾಯಿತು ಎಂದು ಹಾಯೆನಿಸಿತು. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆಗಸ್ಟ್‌ನಲ್ಲಿ ಹೊರಟೆವು. ಎರಡು ದಿನದ ದಾರಿ. ಮೊದಲನೇ ಪೆಟ್ರೋಲ್ ಬಂಕಿನಲ್ಲಿ ಅವಳು ಕಾಫಿ ಲೋಟ ಹಿಡಿದು ಕೇಳಿದಳು. "ಆರಿನ್, ಈ ಗಾಡಿ ಸ್ವಲ್ಪ ಉದ್ದ ಅನ್ಸಲ್ವಾ ನಿಂಗೆ?"

"ಸಾಮಾನು ತುಂಬಿದೀವಲ್ಲ, ಹಾಗನ್ಸತ್ತೆ."

"ಸಾಮಾನು ತುಂಬಿದ್ರೆ ಉದ್ದ ಆಗತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಚಕ್ರದ ಗಾಳಿ ನೋಡುವ ನೆಪದಲ್ಲಿ ಕೆಳಗಿಳಿದುಬಿಟ್ಟೆ. ಎರಡನೇ ಬಂಕಿನಲ್ಲೂ ಕೇಳಿದಳು. ಅಲ್ಲಿ ಹವೆಯ ಮಾತು ತೆಗೆದೆ.

ಕೆರೆಯ ಕ್ಯಾಂಪಿನ ಬಾಗಿಲಿಗೆ ಮಧ್ಯಾಹ್ನ ಮೂರಕ್ಕೆ ತಲುಪಿದೆವು. ಎರಡೂ ಕಡೆ ದಪ್ಪ ಪೈನ್ ಮರಗಳು, ನಡುವೆ ಒಂದು ಗಾಡಿ ಹೋಗುವಷ್ಟು ದಾರಿ, ಮುಂದೆ ಕುದುರೆ ಲಾಳದಂಥ ತಿರುವು. ಬಾಗಿಲ ಬಳಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಹೆಂಗಸು ಕೈ ಅಡ್ಡ ಹಿಡಿದಳು. ಬೇಸಿಗೆಯೆಲ್ಲ ಅಲ್ಲೇ ಇದ್ದು ಕ್ಯಾಂಪು ನೋಡಿಕೊಳ್ಳುವವಳು, ಎದೆಯ ಮೇಲೆ ಜುನೆಲ್ ಎಂದು ಹೆಸರಿನ ಚೀಟಿ.

"ಹದಿನಾಲ್ಕಾ? ಎಷ್ಟುದ್ದ ಸಾರ್ ಇದು?"

"ಇಪ್ಪತ್ತೈದು."

ಅವಳು ಗಾಡಿಯ ಹಿಂದಿನವರೆಗೂ ಕಣ್ಣು ಹಾಯಿಸಿದಳು. "ಇದು ಇಪ್ಪತ್ತೈದು ಆದ್ರೆ ನಾನು ಹದಿನೆಂಟರ ಹುಡುಗಿ. ಇಳೀರಿ, ಅಳೆಯೋಣ."

ನಾನು ಇಳಿಯುವ ಮುಂಚೆಯೇ ಮಾರ್ಲಿಸ್ ಇಳಿದಿದ್ದಳು. "ಟೇಪಿನ ಒಂದು ತುದಿ ನನ್ ಕೈಗೆ ಕೊಡಿ" ಎಂದಳು. ಮುಂದಿನ ಬಂಪರನ್ನು ಬೆರಳಿನಿಂದ ತಡವಿ, ಟೇಪಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿದಳು. "ಸೊನ್ನೆಯಿಂದ ಹಿಡಿದಿದೀನಿ, ನೀವು ಹೋಗಿ." ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದು ಅದೇ, ಅಳತೆ ಸೊನ್ನೆಯಿಂದ ಶುರುವಾಗಬೇಕು ಎಂದು.

ಹಿಂದಿನಿಂದ ಜುನೆಲ್ ಕೂಗಿದಳು. "ಮೂವತ್ತೊಂದು ಅಡಿ ಆರು ಅಂಗುಲ! ಆ ತಿರುವಲ್ಲಿ ಇದು ಹೋಗಲ್ಲ, ಹಿಂದಕ್ಕೆ ತೆಗೀಬೇಕು!"

ನಮ್ಮ ಹಿಂದೆ ಐದು ಗಾಡಿ ನಿಂತಿದ್ದವು. ಕ್ಯಾಂಪಿನ ಜನರಿಗೆ ಯಾರಾದರೂ ದೊಡ್ಡ ಗಾಡಿ ಹಿಂದಕ್ಕೆ ತೆಗೆಯುತ್ತಾರೆಂದರೆ ಪುಕ್ಕಟೆ ನಾಟಕ. ಮಡಚುವ ಕುರ್ಚಿ, ಬಿಯರ್ ಡಬ್ಬಿ ಹಿಡಿದುಕೊಂಡು ಬಂದು ಸಾಲಾಗಿ ಕೂತರು.

ಜುನೆಲ್ ನನ್ನನ್ನು ನೋಡಿ ತಲೆಯಾಡಿಸಿದಳು. "ಅರ್ಜೀಲಿ ಇಪ್ಪತ್ತೈದು ಅಂತ ಬರೆದಿದೀರಲ್ಲ?"

ಉತ್ತರ ಕೊಟ್ಟವಳು ಮಾರ್ಲಿಸ್. "ಅಕ್ಷರ ತುಂಬಾ ಸಣ್ಣದಿತ್ತು. ಇವನಿಗೂ ವಯಸ್ಸಾಯ್ತು, ಏನೋ ತಪ್ಪು ಓದಿರ್ಬೇಕು."

ಅವಳ ಬಾಯಲ್ಲಿ ಸುಳ್ಳು ಕೇಳಿದ್ದು ನಲವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ನನಗೋಸ್ಕರ, ಹತ್ತು ಜನರ ಎದುರಿಗೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗಾಡಿ ಹಿಂದಕ್ಕೆ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಒಬ್ಬ ಮುದುಕ ಕುರ್ಚಿಯಿಂದಲೇ "ಎಡಕ್ಕೆ ತಿರುಗಿಸು ಮಾರಾಯ, ಎಡಗೈ ಯಾವುದು ಗೊತ್ತಲ್ವಾ?" ಎಂದು ಕೂಗಿದ. ಇಪ್ಪತ್ತಾರು ವರ್ಷದಲ್ಲಿ ತಾಗಿಸದವನು ಅಂದು ಕ್ಯಾಂಪಿನ ಬೋರ್ಡಿಗೆ ತಾಗಿಸಿದೆ. ಸೈಕಲ್ ಸ್ಟಾಂಡು ಸೊಟ್ಟಗಾಯಿತು. ಯಾರೋ ಚಪ್ಪಾಳೆ ತಟ್ಟಿದರು.

ಉದ್ಯಾನದ ಹೊರಗೆ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಗಾಡಿಗಳಿಗೆಂದೇ ಜಲ್ಲಿ ಹಾಸಿದ ಜಾಗವೊಂದಿತ್ತು. ಅಲ್ಲಿ ನಿಲ್ಲಿಸಿದೆ. ಕೆರೆಯಿಲ್ಲ, ಮರವಿಲ್ಲ, ಲಾರಿಗಳ ಸದ್ದು. ಮಾರ್ಲಿಸ್ ಬೀನ್ಸ್ ಬಿಸಿ ಮಾಡಿ ನನ್ನ ತಟ್ಟೆಗೆ ಹಾಕಿದಳು, ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಊಟ ಸೇರುತ್ತಿತ್ತು.

ನೀರಿನ ಪೈಪು ತೆಗೆಯಲು ಗಾಡಿಯ ಹೊಟ್ಟೆಯ ಡಬ್ಬಿ ತೆರೆದೆ. ಪೈಪಿನ ಹಿಂದೆ, ಮೂಲೆಯಲ್ಲಿ, ಹಳೆಯ ಕ್ಯಾನ್ವಾಸ್ ಸುರುಳಿ. ಅವಳ ಅಪ್ಪನ ಟೆಂಟು. ನಮ್ಮ ಅಟ್ಟದಲ್ಲಿ ಮೂವತ್ತು ವರ್ಷದಿಂದ ಇದ್ದದ್ದು. ಗೂಟಗಳನ್ನು ಚೀಲಕ್ಕೆ ತುಂಬಿ, ಹೊಡೆಯಲು ಮರದ ಸುತ್ತಿಗೆಯನ್ನೂ ಇಟ್ಟಿದ್ದಳು. ಇಪ್ಪತ್ತೈದು ಅಡಿಯ ಮೋಟರ್‌ಹೋಮಿನಲ್ಲಿ ಹೋಗುವವರಿಗೆ ಟೆಂಟು ಏಕೆ ಬೇಕು? ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ಒಂದು ಒರಗುಕುರ್ಚಿಗೆ ಹೋಗಿತ್ತು.

ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿದೆ. "ಯಾವಾಗ ಗೊತ್ತಾಯ್ತು ನಿಂಗೆ?"

"ಗಾಡಿ ಮನೆಗೆ ಬಂದ ದಿನ. ಹಿಮ್ಮಡಿಗೆ ಹೆಬ್ಬೆರಳು ತಾಗಿಸ್ಕೊಂಡು ನಡೆದು ಎಣಿಸ್ದೆ. ಮಕ್ಕಳಿಗೆ ಅದನ್ನೇ ತಾನೇ ಹೇಳ್ಕೊಡ್ತಿದ್ದೆ? ನನ್ನ ಪಾದ ಒಂಬತ್ತಂಗುಲ. ನಲವತ್ತೆರಡು ಪಾದ ಆಯ್ತು."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ಅಂಗಳದಲ್ಲಿ ಕಾದೆ. ಬಂಕಲ್ಲಿ ಕಾದೆ. ಆ ಗೇಟ್ ಹತ್ರ ಆದ್ರೂ ಹೇಳ್ತೀಯೇನೋ ಅಂದ್ಕೊಂಡೆ." ಲೋಟ ಕೆಳಗಿಟ್ಟಳು. "ಕುರ್ಚಿ ಬೇಕು ಅಂದಿದ್ರೆ ಕುರ್ಚಿ ತಗೋ ಅಂತಿದ್ದೆ ಕಣೋ. ನಾನು ಟೆಂಟಲ್ಲೇ ಮಲಗ್ತಿದ್ದೆ. ಆದ್ರೆ ನೀನು ನಂಗೆ ಓದಿ ಹೇಳ್ದೆ. ಕೈಯಲ್ಲಿ ಹಾಳೆ ಹಿಡ್ಕೊಂಡು ಓದಿ ಹೇಳ್ದೆ."

ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಕುರುಕಲು ತಿಂಡಿಯಂತೆ ಹಗುರವಾಗಿ ಕೇಳಿಸಿತು. ಅವಳು ಎದ್ದು ಲೋಟ ತೊಳೆದಳು.

ಜುನೆಲ್ ಬಳಿಗೆ ಹೋಗಿ ಕೇಳಿದೆ. ಜಾಗ ಇನ್ನೂ ನಮ್ಮ ಹೆಸರಿನಲ್ಲೇ ಇತ್ತು. ಗಾಡಿಯನ್ನು ಹೊರಗಿನ ಬಯಲಲ್ಲಿ ಬಿಟ್ಟು ಟೆಂಟು ಹಾಕಿಕೊಳ್ಳಬಹುದು ಎಂದಳು. ನಾನು ಹೇಳಿಬಿಟ್ಟೆ. "ಅಕ್ಷರ ಸಣ್ಣದಿರ್ಲಿಲ್ಲ. ನನ್ ಕಣ್ಣು ಚೆನ್ನಾಗೇ ಇದೆ. ಸುಳ್ಳು ಬರೆದಿದ್ದೆ."

"ಅದು ನಂಗೆ ನಿನ್ನೇನೇ ಗೊತ್ತಾಯ್ತು" ಎಂದು ತನ್ನ ಪಿಕಪ್ ಗಾಡಿಯ ಕೀಲಿ ತೆಗೆದುಕೊಂಡಳು. "ನಿಮ್ಮ ಯಜಮಾನ್ತಿಗೂ ಗೊತ್ತಿತ್ತು. ನಡೀರಿ, ಸಾಮಾನು ಹಾಕಿ."

ಹದಿನಾಲ್ಕನೇ ನಂಬರು ಸಣ್ಣ ಜಾಗ. ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಇಪ್ಪತ್ತು ಹೆಜ್ಜೆ ಆಚೆ ಕೆರೆ. ಟೆಂಟಿನ ಕೋಲುಗಳನ್ನು ಹಿಡಿದು ಯಾವುದಕ್ಕೆ ಯಾವುದು ಎಂದು ತಿಳಿಯದೆ ನಾನು ನಿಂತಿದ್ದೆ. ಮಾರ್ಲಿಸ್ ನೆಲಕ್ಕೆ ಕೂತು, ಮುಖ ಕೆರೆಯ ಕಡೆಗಿಟ್ಟುಕೊಂಡು, ಬರೀ ಕೈಯಿಂದ ಗಂಟು ಬಿಚ್ಚಿದಳು, ಕೋಲು ಸೇರಿಸಿದಳು, ಗೂಟ ಹೊಡೆದಳು. ಕತ್ತಲಲ್ಲಿ ಹಾಕಿ ಅಭ್ಯಾಸವಂತೆ, ಅಪ್ಪ ಯಾವಾಗಲೂ ತಡವಾಗಿ ಬಂದು ತಲುಪುತ್ತಿದ್ದರಂತೆ. ಒರಗುಕುರ್ಚಿಯ ದಿಂಬುಗಳನ್ನು ನನ್ನ ಬೆನ್ನಿಗೆಂದು ಒಳಗೆ ಹಾಸಿದಳು. ಅದಕ್ಕೆ ನಾನು ತಲೆ ತಗ್ಗಿಸಿದೆ.

ಕೆಲಸ ಮುಗಿದ ಮೇಲೆ ಮೇಜಿನ ಪಕ್ಕದ ಕಂಬವನ್ನು ತಡವಿ, ಅದಕ್ಕೆ ಹೊಡೆದಿದ್ದ ತಗಡಿನ ಮೇಲೆ ಬೆರಳಿಟ್ಟಳು. "ಏನ್ ಬರ್ದಿದೆ ಓದು."

ಎರಡು ತಿಂಗಳ ನಂತರ ಓದು ಎಂದಿದ್ದಳು. ಓದಿದೆ. "ಜಾಗ ಹದಿನಾಲ್ಕು. ಜನ ಎಂಟು. ಟೆಂಟು ಎರಡು. ಊಟದ ಸಾಮಾನು ಕರಡಿಗೆ ಸಿಗದ ಹಾಗೆ ಇಡಬೇಕು. ಗಾಡಿಯ ಉದ್ದ..." ಅವಳು ನನ್ನ ಕಿವಿಯಾಚೆ ನೋಡುತ್ತಾ ಕಾದಳು. "ಗಾಡಿಯ ಉದ್ದ ಇಪ್ಪತ್ತೈದು ಅಡಿ ಮೀರಬಾರದು."

"ನಮ್ದು?"

"ಮೂವತ್ತೊಂದೂವರೆ."

ಅವಳು ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಮೂಲೆಗಳು ಸವೆದಿದ್ದವು, ಅಂಟು ಬಿಚ್ಚಿರಲಿಲ್ಲ. ಕಣ್ಣಿನ ಡಾಕ್ಟರದು.

"ಇದು ಬಂದು ಏಳು ವಾರ ಆಯ್ತು. ಆರ್ಡಿಸ್ ಕೈಲಿ ಓದಿಸೋಕೆ ಮನಸ್ಸು ಬರ್ಲಿಲ್ಲ. ನಿನ್ ಕೈಗೆ ಕೊಡೋಕೆ ಧೈರ್ಯ ಬರ್ಲಿಲ್ಲ. ಒಳ್ಳೇದೇ ಬರ್ದಿದೆ ಅಂತ ನೀನು ಓದಿದ್ರೆ, ನಾನು ಅದನ್ನ ಏನ್ ಮಾಡ್ಲಿ?"

ಏಳು ವಾರ ಅವಳು ಆ ಲಕೋಟೆಯನ್ನು ಎದೆಯ ಹತ್ತಿರ ಇಟ್ಟುಕೊಂಡು, ನನ್ನ ಪಕ್ಕದಲ್ಲೇ ಮಲಗಿದ್ದಳು. ನಾನು ಆ ಏಳು ವಾರ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದೆ. ಅಷ್ಟು ನಾಚಿಕೆಯನ್ನು ಹೊರಲು ಒಬ್ಬ ಮನುಷ್ಯನ ಮೈ ಸಾಲದು.

ಬಿಚ್ಚಿದೆ. ಕಣ್ಣು ತಾನಾಗಿ ಕೆಳಗಿನ ಸಾಲಿಗೆ ಓಡಿತು. ಅಲ್ಲಿ ಇದ್ದದ್ದನ್ನು ಕಂಡಾಗ, ದೇವರಾಣೆ, ಹಳೆಯ ಚಾಳಿ ನಾಲಿಗೆಯ ತುದಿಗೇ ಬಂದು ನಿಂತಿತು. ಒಂದು ಪದ ಬದಲಿಸಿದರೆ ಸಾಕಿತ್ತು.

"ಇರೋದನ್ನೇ ಓದು" ಎಂದಳು.

ಓದಿದೆ. "ಚುಚ್ಚುಮದ್ದಿನಿಂದ ಎಡಗಣ್ಣಿಗೆ ಪ್ರಯೋಜನವಾಗಿಲ್ಲ. ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಬಲಗಣ್ಣೂ ಅದೇ ದಾರಿಯಲ್ಲಿದೆ. ಈಗ ಉಳಿದಿರುವ ದೃಷ್ಟಿ ಮುಂದಿನ ಬೇಸಿಗೆಗೆ ಇಷ್ಟೇ ಇರುತ್ತದೆ ಎಂದು ಹೇಳಲಾಗುವುದಿಲ್ಲ." ಕೊನೆಯ ಸಹಿಯವರೆಗೂ ಓದಿದೆ. ಒಂದಕ್ಷರ ಬಿಡಲಿಲ್ಲ ಅಂದುಕೊಂಡೆ.

ಮಾರ್ಲಿಸ್ ಕೆರೆ ಕಾಣಲೆಂದು ಮುಖವನ್ನು ಪಕ್ಕದ ಮರದ ಕಡೆಗೆ ತಿರುಗಿಸಿಕೊಂಡಿದ್ದಳು.

"ಮೇಲಿನ ತಾರೀಖು ಬಿಟ್ಟೆ" ಎಂದಳು. "ಕಾಗದ ಅಂದ್ಮೇಲೆ ತಾರೀಖಿಂದ ಶುರು ಮಾಡ್ಬೇಕು. ಮೊದಲಿಂದ ಓದು."

ಜೂನ್ ಹದಿನೇಳು ಎಂದು ಶುರು ಮಾಡಿದೆ.