ಸೊಪ್ಪಿನ ಗಾಡಿಯ ಸುದ್ದಿ

"ಸೊಪ್ಪಿನ ಗಾಡಿ ಬಂತು ಅಂತ ಫೋನೇ ಹೇಳ್ಬಿಡ್ತು ಅಕ್ಕ. ನಮ್ ಚೈತ್ರಂದು ಸಖತ್ ತಲೆ," ಎಂದಳು ಗೌರಮ್ಮ, ದಂಟಿನ ಸೊಪ್ಪು ಬಿಡಿಸುತ್ತಾ.

ವಾರಗಿತ್ತಿ ನಾರಾಯಣಮ್ಮನಿಗೆ ಮೈಯೆಲ್ಲ ಉರಿಯಿತು. ಕೋಣನಕುಂಟೆಯ ಆ ಬೀದಿಯಲ್ಲಿ ಮೊದಲು ಗೇಟಿಗೆ ಕ್ಯಾಮೆರಾ ಹಾಕಿಸಿದವಳು ಅವಳು. ಅದರ ಪಾಸ್‌ವರ್ಡ್ ಕೇಳಿ ಪಡೆದು ಆ್ಯಪ್ ಮಾಡಿದ್ದು ಗೌರಮ್ಮನ ಮಗಳು. ಈಗ ಬೀದಿಯಲ್ಲೆಲ್ಲ ಚೈತ್ರಳಿಗೇ ಹೊಗಳಿಕೆ.

"ನೋಡೋದು ನಮ್ ಕ್ಯಾಮೆರಾ ತಾನೆ?"

"ಅದು ಸುಮ್ನೆ ನೋಡುತ್ತೆ ಅಕ್ಕ. ಸೊಪ್ಪಿನ ಗಾಡಿ ಯಾವ್ದು, ಕಸದ ಗಾಡಿ ಯಾವ್ದು ಅಂತ ಗುರ್ತು ಹಿಡಿದು ಎಲ್ರಿಗೂ ಹೇಳೋದು ಆ್ಯಪು."

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಯಾರ ಫೋನೂ ಸದ್ದು ಮಾಡಲಿಲ್ಲ. ಸೊಪ್ಪಿನವನು ಕೂಗಿ ಕೂಗಿ ಮುಂದೆ ಹೋದ. ಚೈತ್ರ ಗೇಟಿನ ಬಳಿ ಬಂದು ತಲೆಯೆತ್ತಿ ನೋಡಿದಳು. ಕ್ಯಾಮೆರಾ ಬೀದಿ ಬಿಟ್ಟು ಅಂಗಳದ ಕನಕಾಂಬರದ ಕುಂಡ ನೋಡುತ್ತಿತ್ತು.

"ದೊಡ್ಡಮ್ಮ, ಇದ್ಯಾಕೆ ಈ ಕಡೆ ತಿರುಗಿದೆ?"

"ಗಾಳಿಗೆ ತಿರುಗಿರ್ಬೇಕು. ಅದಕ್ಕೂ ಹೂ ನೋಡೋ ಆಸೆ ಇರಲ್ವಾ?"

ಚೈತ್ರ ನಕ್ಕಳು. "ಇರ್ಲಿ ಬಿಡಿ. ಪಾಸ್‌ವರ್ಡ್ ಕೊಟ್ರೆ ನೆಟ್‌ನಲ್ಲಿರೋ ಯಾವ ಕ್ಯಾಮೆರಾ ಆದ್ರೂ ನನ್ ಆ್ಯಪ್‌ಗೆ ಚಿತ್ರ ಕಳಿಸುತ್ತೆ. ಎದುರುಮನೆ ಕಾತ್ಯಾಯಿನಿ ಆಂಟಿದು ಹೊಸದು, ಇನ್ನೂ ಚೆನ್ನಾಗಿ ಕಾಣುತ್ತಂತೆ. ಅವರನ್ನೇ ಕೇಳ್ತೀನಿ."

"ಕಾತ್ಯಾಯಿನಿದಾ?"

"ಹ್ಞೂಂ ದೊಡ್ಡಮ್ಮ. ನಮ್ದು ಹಾಕ್ಕೋ ಅಂತ ಅವರೇ ಎರಡು ಸಲ ಹೇಳಿದ್ರು."

ಚೈತ್ರ ಬೀದಿ ದಾಟಿ ಎದುರುಮನೆಯ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ, ನಾರಾಯಣಮ್ಮ ಪ್ಲಾಸ್ಟಿಕ್ ಕುರ್ಚಿ ಹತ್ತಿ ಕ್ಯಾಮೆರಾವನ್ನು ಬೀದಿಯ ಕಡೆ ತಿರುಗಿಸಿ, ಅದರ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು.