ಸಕ್ಕರೆ ಬಂದದ್ದೆಲ್ಲಿಂದ

ಕಡೂರಿನ ಒಂದು ಖಾಸಗಿ ಆಸ್ಪತ್ರೆಗೆ ವಾಂತಿಭೇದಿಯಿಂದ ಸೇರಿದ್ದ ದೇವನೂರಿನ ವಿಶಾಲಾಕ್ಷಮ್ಮ ಎಲ್ಲಕ್ಕೂ ಒಪ್ಪಿದ್ದರು, ಎಡಗೈ ಒಂದನ್ನು ಬಿಟ್ಟು. ದಿನಾ ಇಷ್ಟಲಿಂಗವನ್ನಿಟ್ಟು ಪೂಜಿಸುವ ಅಂಗೈ ಅದು. ಆ ಕಡೆ ಸೂಜಿ ಸುಳಿಯಕೂಡದು. ಡ್ರಿಪ್ಪು ಬಲಗೈಗೇ ಏರಿತು.

ಮರುದಿನದ ರಕ್ತಪರೀಕ್ಷೆಯಲ್ಲಿ ಸಕ್ಕರೆ ನಾನೂರ ಎಂಬತ್ತು. ಡಾಕ್ಟರು ಫೋನಿನಲ್ಲೇ ಇನ್ಸುಲಿನ್ ಹೇಳಿದರು. ಇಪ್ಪತ್ತೆರಡು ವರ್ಷ ಸೇವೆಯ ಹಿರಿಯ ನರ್ಸ್ ರಾಧಮ್ಮ ಸಿರಿಂಜು ತುಂಬಿಕೊಂಡು ಹೊರಟರು.

"ಮೇಡಂ, ಒಂದ್ನಿಮಿಷ" ಎಂದಳು ತರಬೇತಿಗೆ ಬಂದಿದ್ದ ನರ್ಸಿಂಗ್ ಮೂರನೇ ವರ್ಷದ ಕೃತಿಕಾ.

"ಏನಮ್ಮಾ, ಡಾಕ್ಟ್ರಿಗಿಂತ ದೊಡ್ಡೋಳಾದ್ಯಾ?"

"ಇಲ್ಲ ಮೇಡಂ. ಅಜ್ಜಿಗೆ ಸಕ್ಕರೆ ಕಾಯಿಲೆ ಯಾವತ್ತೂ ಇರ್ಲಿಲ್ವಂತೆ. ಬಾಯಾರಿಕೆನೂ ಇಲ್ಲ, ಸೊಸೇನ ಚೆನ್ನಾಗೇ ಬೈತಿದಾರೆ. ಹಿಮೋಗ್ಲೋಬಿನ್ ನಿನ್ನೆ ಹನ್ನೊಂದು, ಇವತ್ತು ಎಂಟು. ಎಲ್ಲೂ ರಕ್ತ ಹೋಗಿಲ್ಲ. ತೆಗೆದ ರಕ್ತಕ್ಕೆ ಡ್ರಿಪ್ಪಿನ ನೀರು ಬೆರೆತಂಗಿದೆ."

ರಾಧಮ್ಮನ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ರಕ್ತ ತೆಗೆದವನು ಲ್ಯಾಬಿನ ತಿಪ್ಪೇಶ. ಅಜ್ಜಿಯ ಭಕ್ತಿಗೆ ತಲೆಬಾಗಿ ಅವನೂ ಬಲಗೈಯಿಂದಲೇ ತೆಗೆದಿದ್ದ, ಗ್ಲೂಕೋಸ್ ಹರಿಯುತ್ತಿದ್ದ ಸೂಜಿಗಿಂತ ಮೇಲೆ. ಬಾಟಲಿಯ ಸಕ್ಕರೆಯನ್ನು ಯಂತ್ರ ನಿಷ್ಠೆಯಿಂದ ಅಜ್ಜಿಯ ಹೆಸರಿಗೆ ಹಚ್ಚಿತ್ತು. ಅದನ್ನು ನಂಬಿ ತಾನು ಚುಚ್ಚಿದ್ದರೆ ಅಜ್ಜಿಯ ಮೈಯ ಸಕ್ಕರೆ ಪಾತಾಳಕ್ಕಿಳಿಯುತ್ತಿತ್ತು.

ಖಚಿತವಾಗಬೇಕಾದರೆ ಎಡಗೈಯೇ ಬೇಕು. ಕೃತಿಕಾ ಮಂಚದ ಪಕ್ಕ ಕೂತಳು.

"ಅಜ್ಜೀ, ಅಂಗೈ ಮುಟ್ಟಲ್ಲ. ಬೆರಳ ತುದಿಗೆ, ಸೊಳ್ಳೆ ಕಚ್ಚಿದಂಗೆ."

ವಿಶಾಲಾಕ್ಷಮ್ಮ ಅವಳನ್ನು ಅಳೆದು ನೋಡಿದರು. "ಸೊಳ್ಳೆ ನನ್ ಅಪ್ಪಣೆ ಕೇಳಲ್ಲ, ನೀನಾದ್ರೂ ಕೇಳಿದ್ಯಲ್ಲ. ಚುಚ್ಚು."

ಪುಟ್ಟ ಮೀಟರಿನಲ್ಲಿ ನೂರ ಮೂವತ್ತು ಬಂತು.

ರಾಧಮ್ಮ ಸಿರಿಂಜನ್ನು ಕಸದ ಡಬ್ಬಿಗೆ ಹಾಕಿ ಡಾಕ್ಟರಿಗೆ ಫೋನು ಹಚ್ಚಿದರು. "ಸರ್, ಇನ್ಸುಲಿನ್ ಕೊಟ್ಟಿಲ್ಲ. ರಕ್ತ ತೆಗೆದ ಜಾಗ ಸರಿಯಿಲ್ಲ." ಯಾರು ಕಂಡುಹಿಡಿದದ್ದು ಎಂದು ಆ ಕಡೆಯಿಂದ ಪ್ರಶ್ನೆ ಬಂತು. 'ನಾವೇ ಸರ್' ಎಂಬ ಉತ್ತರ ನಾಲಿಗೆಯ ತುದಿಗೆ ತಾನಾಗಿಯೇ ಬಂದಿತ್ತು. ರಾಧಮ್ಮ ಅದನ್ನು ನುಂಗಿ, ಫೋನನ್ನು ಕೃತಿಕಾಳ ಕೈಗಿಟ್ಟರು. "ನೀನೇ ಹೇಳು. ಗಟ್ಟಿಯಾಗಿ ಹೇಳು."

ಹುಡುಗಿ ತಡವರಿಸದೆ ಒಂದೊಂದಾಗಿ ಹೇಳತೊಡಗಿದಳು. ರಾಧಮ್ಮ ಅಜ್ಜಿಯ ಹೊದಿಕೆಯನ್ನು ಸುಮ್ಮನೆ ಮೂರು ಸಲ ಸರಿಪಡಿಸಿದರು.

"ಆ ಮಗು ಯಾವೂರ್ದಮ್ಮ?" ಎಂದರು ವಿಶಾಲಾಕ್ಷಮ್ಮ.

"ಅಜ್ಜಂಪುರದ ಕಡೆ, ಬುಕ್ಕಾಂಬುಧಿ" ಎಂದರು ರಾಧಮ್ಮ. ಆಮೇಲೆ ಕೊನೆಯ ಮಂಚಕ್ಕೂ ಕೇಳಲೆಂದು ದನಿ ಏರಿಸಿದರು. "ಕೆಲ್ಸ ಕಲೀತಿರೋದು ಮಾತ್ರ ನನ್ ಹತ್ರ ಕಣ್ರೀ."