ಹಾಡಿನ ನಡುವೆ ಮೂರು ಸಾಲು

ಬುಡ್ಡೇಸಾಬ ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ ತೋರಿಸಿದಾಗ ಮೌಲಾಸಾಬನಿಗೆ ಮೊದಲು ನಗು ಬಂತು. ಮುದುಕನ ಮೊಣಕಾಲು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗಿತ್ತು.

"ನಿನ್ನೆ ನೀ ಕೊಟ್ಟ ಔಷಧ ತಿಕ್ಕೊಂಡು ಮಲಗಿದ್ನೆಪಾ," ಅಂದ ಮುದುಕ. "ಉರಿ ಇಲ್ಲ, ಕಾವು ಇಲ್ಲ. ಮುಂಜಾನೆ ಎದ್ದು ನೋಡಿದ್ರ ಇರುವಿ ಮುತ್ಯಾವು. ಅದಕ್ಕ ತಿಕೋಟಾದಿಂದ ಬಸ್ ಹಿಡಕೊಂಡು ಬಂದೆ."

ಮೌಲಾಸಾಬ ಬಾಟಲಿಯ ಬಿರಡೆ ತೆಗೆದು ಮೂಸಿದ. ಕರ್ಪೂರದ ಘಾಟು ಇರಲಿಲ್ಲ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡ. ಸಿಹಿ. ಅದು ಭೇದಿಯಾದ ಮಕ್ಕಳಿಗೆ ಕೊಡುವ ಔಷಧ.

ವಿಜಾಪುರದ ಆ ದವಾಖಾನಿಯಲ್ಲಿ ಹದಿನಾಲ್ಕು ವರ್ಷದಿಂದ ಅವನೇ ಕಂಪೌಂಡರ್. ಎರಡೂ ಔಷಧ ಹಾಲಿನಷ್ಟು ಬಿಳಿ, ಬಾಟಲಿಗಳೂ ಒಂದೇ ಅಳತೆಯವು. ನಿನ್ನೆ ಗದ್ದಲದಲ್ಲಿ ಎರಡನ್ನೂ ಜೋಡಿಯಾಗಿ ತುಂಬಿಟ್ಟಿದ್ದ. ಹಾಗಾದರೆ ಮುದುಕನ ಮೊಣಕಾಲಿಗೆ ತಿಕ್ಕುವ ಔಷಧ, ಟರ್ಪಂಟೈನ್ ಬೆರೆಸಿದ್ದು, ಒಂದು ಕೂಸಿನ ಮನೆಗೆ ಹೋಗಿತ್ತು.

ಪುಸ್ತಕ ತೆಗೆದು ನೋಡಿದ. 'ಹೆಣ್ಣು ಕೂಸು, ನಾಕು ವರ್ಷ, ಭೇದಿ' ಎಂದಷ್ಟೇ ಬರೆದಿತ್ತು. ಹೆಸರಿಲ್ಲ, ಊರಿಲ್ಲ. ಆ ತಾಯಿ ಬಬಲೇಶ್ವರ ಬಸ್ಸು ಎಷ್ಟಕ್ಕೆ ಅಂತ ಕೇಳಿದ್ದು ಮಾತ್ರ ನೆನಪಿತ್ತು. ಅವಳಿಗೆ ತಾನೇ ಹೇಳಿದ ಮಾತೂ ನೆನಪಿತ್ತು: "ಇವತ್ತು ಪುಡಿ ಅಷ್ಟ ಕೊಡ್ರಿ. ಬಾಟಲಿ ನಾಳೆ ಮಧ್ಯಾಹ್ನ ಉಂಡ ಮ್ಯಾಲೆ."

ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

ಸುದ್ದಿ ಕೇಳಿ ಡಾಕ್ಟರು ಕುರ್ಚಿಯಿಂದ ಎದ್ದರು, ಮತ್ತೆ ಕೂತರು. "ನೀ ಸುಮ್ಮನ ಹೋಗಿ ಹುಡುಕ್ಕೊಂಡು ಬಾ. ಹೊರಗ ಯಾರ ಮುಂದೂ ಆಡಬ್ಯಾಡ."

"ಬಬಲೇಶ್ವರದ ಸುತ್ತ ಎಷ್ಟು ಹಳ್ಳಿ ಅದಾವ ಸಾಹೇಬ್ರ? ನಾ ಮನಿ ಮನಿ ತಿರುಗೂದ್ರಾಗ ಮಧ್ಯಾಹ್ನ ಆಗತೈತಿ. ರೇಡಿಯೋದಾಗ ಹೇಳಸೋಣ್ರಿ."

"ನನ್ನ ದವಾಖಾನಿ ಹೆಸರು ಊರ ತುಂಬ ಆಗಲಿ ಅಂತೀಯೇನು?"

ಮೌಲಾಸಾಬ ಸರಿಯಾದ ಔಷಧದ ಬಾಟಲಿಯೊಂದನ್ನು ಕೈಚೀಲಕ್ಕೆ ಹಾಕಿಕೊಂಡ. ಹದಿನಾಲ್ಕು ವರ್ಷದಲ್ಲಿ ಡಾಕ್ಟರ ಮಾತು ಮೀರಿದ್ದು ಅವತ್ತೇ ಮೊದಲು. ಚಪ್ಪಲಿ ಮೆಟ್ಟಿಕೊಂಡು ನೇರ ಪೊಲೀಸ್ ಠಾಣೆಗೆ ನಡೆದ.

ಫೌಜದಾರರು ಎಲ್ಲ ಕೇಳಿಸಿಕೊಂಡು ಒಂದು ಹಾಳೆ ಮುಂದಿಟ್ಟರು. "ತಪ್ಪು ನಿಂದ ಅಂತ ಬರದು ಸಹಿ ಮಾಡ್ತೀಯಾ? ನಾಳೆ ಕೂಸಿಗೆ ಏನರ ಆದ್ರ ಈ ಕಾಗದ ನಿನ್ನ ಕೊರಳಿಗೇ ಬರತೈತಿ."

ಮೌಲಾಸಾಬ ಬರೆದ, ಸಹಿ ಮಾಡಿದ. ಧಾರವಾಡದ ಆಕಾಶವಾಣಿಗೆ ಅರ್ಜಂಟ್ ಟ್ರಂಕ್ ಕಾಲ್ ಹಚ್ಚಿದರು. ಲೈನು ಸಿಗಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ಅವನು ಪ್ರಕಟಣೆ ಬರೆಯಲು ಕೂತ. ಮೊದಲ ಪುಟವೆಲ್ಲ ಕ್ಷಮೆ ಕೇಳುವುದರಲ್ಲೇ ಹೋಯಿತು. ಫೌಜದಾರರು ಅದನ್ನೆಲ್ಲ ಹೊಡೆದು ಹಾಕಿದರು. "ಮೂರ ಸಾಲು. ಅದಕ್ಕಿಂತ ಹೆಚ್ಚು ಅವರು ಓದೂದಿಲ್ಲ."

ಎರಡು ಸಾಲು ಬೇಗ ಆದವು. ಮೂರನೆಯದಕ್ಕೆ ಮೌಲಾಸಾಬ ಪೆನ್ನು ಹಿಡಿದು ಕೂತುಬಿಟ್ಟ. ಆ ತಾಯಿಯ ಮನೆಯಲ್ಲಿ ರೇಡಿಯೋ ಇರದಿದ್ದರೆ?

ಧಾರವಾಡದವರು ಹನ್ನೆರಡೂವರೆಗೆ, ಹಾಡುಗಳ ನಡುವೆ ಓದುತ್ತೇವೆ ಅಂದರು. ಅವನು ಬಬಲೇಶ್ವರದ ಬಸ್ಸು ಹತ್ತಿದ. ಕೈಚೀಲದಲ್ಲಿ ಸರಿಯಾದ ಬಾಟಲಿ ಇತ್ತು. ದಾರಿಯಲ್ಲಿ ಬಸ್ಸು ಒಂದೊಂದು ಕಡೆ ನಿಂತಾಗಲೂ ಕಂಡಕ್ಟರನಿಗೆ ಹೊತ್ತೆಷ್ಟಾಯಿತು ಅಂತ ಕೇಳುತ್ತಿದ್ದ.

ಬಸ್ ಸ್ಟ್ಯಾಂಡಿನ ಎದುರಿಗೆ ಬಸಗೊಂಡಪ್ಪನ ಚಹಾದ ಹೋಟೆಲು. ಸಂತೆಯ ದಿನ, ಬೆಂಚುಗಳು ತುಂಬಿದ್ದವು. ಕಪಾಟಿನ ಮೇಲಿನ ರೇಡಿಯೋದಲ್ಲಿ ಯಾವುದೋ ಸಾಬೂನಿನ ಜಾಹೀರಾತು ಕುಣಿಯುತ್ತಿತ್ತು.

"ಅಣ್ಣಾರ, ಧಾರವಾಡ ಹಚ್ಚರಿ. ಒಂದ ಐದು ನಿಮಿಷ."

"ಈಗ ಸಿನಿಮಾ ಹಾಡು ಬರತಾವ, ಗಿರಾಕಿ ಅದಕ್ಕ ಕುಂತಾರ," ಅಂದ ಬಸಗೊಂಡಪ್ಪ. ಆದರೆ ಮೌಲಾಸಾಬನ ಮುಖ ನೋಡಿ ಮತ್ತೇನೂ ಕೇಳದೆ ಗುಂಡಿ ತಿರುಗಿಸಿದ.

ಒಂದು ಭಾವಗೀತೆ ಮುಗಿಯಿತು. ಆಮೇಲೆ ಹೆಣ್ಣುದನಿ, ಅವಸರವಿಲ್ಲದೆ:

"ಒಂದು ಪ್ರಕಟಣೆ. ನಿನ್ನೆ ವಿಜಾಪುರದ ದವಾಖಾನೆಯಿಂದ ಭೇದಿಯಾದ ಮಗುವಿಗೆಂದು ಬಿಳಿ ಔಷಧದ ಬಾಟಲಿ ಒಯ್ದ ಬಬಲೇಶ್ವರ ಭಾಗದ ತಾಯಿ ಅದನ್ನು ಮಗುವಿಗೆ ಕುಡಿಸಬಾರದು. ಅದು ಮೈಗೆ ತಿಕ್ಕುವ ಔಷಧ, ಹೊಟ್ಟೆಗೆ ವಿಷ. ಇದನ್ನು ಕೇಳಿದವರು ದಯವಿಟ್ಟು ಎದ್ದು ಹೋಗಿ ನೆರೆಮನೆಗಳಿಗೆ ತಿಳಿಸಬೇಕು."

ಮತ್ತೆ ಹಾಡು. ಯಾರೋ ಚಹಾ ಹೀರಿದರು. ಯಾರೋ ಮೆಣಸಿನಕಾಯಿ ಧಾರಣೆಯ ಮಾತು ಮುಂದುವರಿಸಿದರು. ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿತ್ತು.

ಮೌಲಾಸಾಬ ಬೆಂಚಿನ ಮೇಲೆ ಹತ್ತಿ ನಿಂತ. ಜನರ ಮುಂದೆ ಎಂದೂ ದನಿ ಎತ್ತದವನು ಆ ಮೂರು ಸಾಲನ್ನು ಕೂಗಿ ಹೇಳಿದ. "ಆ ಬಾಟಲಿ ತುಂಬಿದಾಂವ ನಾನ," ಅಂತಲೂ ಹೇಳಿದ.

ಬಾಗಿಲ ಬಳಿ ನಿಂತಿದ್ದ ಜೀಪಿನ ಡ್ರೈವರ್ ಶಂಕ್ರೆಪ್ಪ ಬೀಡಿ ಒಗೆದ. "ನಿನ್ನೆ ನಿಡೋಣಿ ರೇಣುಕವ್ವ ಕೂಸಿನ್ನ ಕರಕೊಂಡು ನನ್ನ ಜೀಪಿನ್ಯಾಗ ಹೋದ್ಳು. ಕೈಯಾಗ ಬಾಟಲಿ ಇತ್ತು. ಹತ್ತರಿ."

ನಿಡೋಣಿ ಹಳ್ಳಿ ಇನ್ನೂ ಸ್ವಲ್ಪ ದೂರವಿತ್ತು, ಎದುರಿನಿಂದ ಒಂದು ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಒಬ್ಬಳು ಕೂಸನ್ನು ಅವಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು. ಶಂಕ್ರೆಪ್ಪ ಬ್ರೇಕು ಒತ್ತಿ ಇಬ್ಬರನ್ನೂ ಜೀಪಿಗೆ ಹತ್ತಿಸಿಕೊಂಡ, ಗಾಡಿಯನ್ನು ವಿಜಾಪುರದ ಕಡೆ ತಿರುಗಿಸಿದ.

"ನಾ ಹೊಲಿಯಾಕತ್ತಿದ್ದೆ, ಟ್ರಾನ್ಸಿಸ್ಟರ್ ಹಚ್ಚಿಕೊಂಡು," ಅಂದಳು ಆ ಇನ್ನೊಬ್ಬ ಹೆಂಗಸು ಪೀರಾಂಬಿ, ನೆರೆಮನೆಯವಳು. "ನೆರಿಮನಿಗೆ ತಿಳಸ್ರಿ ಅಂದ್ರಲ್ಲ, ಎದ್ದು ಬಂದೆ. ಅಷ್ಟರಾಗ ಈಕಿ ಒಂದು ಚಮಚಾ ಕುಡಿಸಿದ್ಳು. ಕೂಸು ಅರ್ಧಕ್ಕರ್ಧ ಉಗುಳೇತಿ. ಇನ್ನೊಂದು ಚಮಚಾ ಕೊಡಾಕ ಬಾಟಲಿ ಬಗ್ಗಿಸಿ ನಿಂತಿದ್ಳು."

ಕೂಸು ಬಿಟ್ಟು ಬಿಟ್ಟು ಕೆಮ್ಮುತ್ತಿತ್ತು. ಬಾಯಿಂದ ಟರ್ಪಂಟೈನಿನ ವಾಸನೆ. ರೇಣುಕವ್ವ ಮೌಲಾಸಾಬನನ್ನು ನೋಡಿ, "ನೀವು ದವಾಖಾನಿಯವರಲ್ಲ?" ಅಂದಳು.

"ಹೌದವ್ವ. ಬಾಟಲಿ ಬದಲ ಮಾಡಿದಾಂವ ನಾನ."

ಅವಳು ಕೂಸಿನ ತಲೆಯನ್ನು ಈ ಹೆಗಲಿನಿಂದ ತೆಗೆದು ಅವನಿಂದ ದೂರದ ಹೆಗಲಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಮೌಲಾಸಾಬ ಆ ಕೆಮ್ಮು ಎಣಿಸುತ್ತ ಕೂತ. ಕೆಮ್ಮು ನಿಂತರೆ ಹೆದರಿಕೆ, ಬಂದರೂ ಹೆದರಿಕೆ.

ದೊಡ್ಡಾಸ್ಪತ್ರೆಯಲ್ಲಿ ಕೂಸನ್ನು ಎರಡು ದಿನ ಇಟ್ಟುಕೊಂಡರು. ಮೊದಲ ದಿನ ಜ್ವರ ಏರಿತು, ಉಸಿರಾಟ ಕಷ್ಟವಾಯಿತು. ಮೌಲಾಸಾಬ ಹೊರಗಿನ ಕಟ್ಟೆಯ ಮೇಲೇ ಇದ್ದ. ಮೂರನೇ ದಿನ ಮುಂಜಾನೆ ಕೂಸು ಗಂಜಿ ಬೇಡಿತು ಅಂತ ಪೀರಾಂಬಿ ಬಂದು ಹೇಳಿದಾಗ ಅವನ ಕಣ್ಣಲ್ಲಿ ನೀರು ಬಂತು. ಫೌಜದಾರರು ಕರೆದು ಬೈದು ಕಳಿಸಿದರು. ಡಾಕ್ಟರು ಕೆಲಸ ಬಿಡಿಸಲಿಲ್ಲ, ಆದರೆ ತಿಂಗಳುಗಟ್ಟಲೆ ಅವನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಎಂಟು ದಿನದ ಮೇಲೆ ರೇಣುಕವ್ವ ದವಾಖಾನಿಗೆ ಬಂದಳು. ಬರಲಿಕ್ಕಿಲ್ಲ ಅಂದುಕೊಂಡಿದ್ದ. ಕೂಸಿಗೆ ಶಕ್ತಿ ಬರಲೆಂದು ಡಾಕ್ಟರು ಚೀಟಿ ಬರೆದಿದ್ದರು. ಮೌಲಾಸಾಬ ಹೆಸರು, ಊರು ಕೇಳಿ ಬರೆದುಕೊಂಡ. ಬಾಟಲಿ ತುಂಬಿ, ಎರಡೆರಡು ಸಲ ಮೂಸಿ ನೋಡಿ, ಕೈಗೆ ಕೊಟ್ಟ.

ಅವಳು ಚೀಲದಿಂದ ಚಮಚ ತೆಗೆದಳು. ಮನೆಯಿಂದಲೇ ತಂದಿದ್ದಳು. ಔಷಧ ಬಗ್ಗಿಸಿ ಅವನ ಮುಂದೆ ಹಿಡಿದಳು.

"ಮೊದಲ ನೀವು ಕುಡೀರಿ."

ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಮೌಲಾಸಾಬ ಚಮಚ ಇಸಕೊಂಡು ಕುಡಿದ. ಅವಳು ಅವನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಿರಡೆ ಒತ್ತಿ, ಬಾಟಲಿಯನ್ನು ಚೀಲಕ್ಕೆ ಇಳಿಬಿಟ್ಟು, ಬಸ್ಸಿಗೆ ಹೊರಟಳು.